ಮೇಜಿನ ಹಿಂದಿನ ಸಿಪಾಯಿ

(ಧಾರವಾಡದಲ್ಲಿ ಓದುಗ ಗೆಳೆಯರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಒಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೀಬ್ರೂ ಭಾಷೆಯಲ್ಲಿ ಒಂದು ಆಡುಮಾತಿದೆ, ಜಾಬ್‌ನಿಕ್ ಅಂತ. ಇಂಗ್ಲಿಷಿನ 'ಜಾಬ್'ಗೆ 'ನಿಕ್' ಅನ್ನುವ ಬಾಲ ಅಂಟಿಸಿ ಮಾಡಿಕೊಂಡ ಪದ. ಇಸ್ರೇಲಿ ಸೇನೆಯಲ್ಲಿ ಕಾದಾಡುವ ತುಕಡಿಗೆ ಸೇರದೆ ಕಚೇರಿಯಲ್ಲೋ ಉಗ್ರಾಣದಲ್ಲೋ ಅಡುಗೆಮನೆಯಲ್ಲೋ ದುಡಿಯುವ ಸಿಪಾಯಿಗೆ ಈ ಹೆಸರು. ಹೊಗಳಿ ಹೇಳುವ ಮಾತಲ್ಲ ಇದು. ಕಾದಾಡುವವನು 'ಕ್ರಾವಿ'. ಅವನು ರಜೆಗೆ ಊರಿಗೆ ಬಂದರೆ ತಾಯಿ ಬೀದಿಯಲ್ಲಿ ಎದೆಯುಬ್ಬಿಸಿ ನಡೆಯುತ್ತಾಳೆ. ಜಾಬ್‌ನಿಕ್ ಬಂದರೆ ಮನೆಯವರಿಗೆ ನೆಮ್ಮದಿ, ಅವನಿಗೆ ಮಾತ್ರ ಒಳಗೊಳಗೇ ಸಂಕೋಚ.

ಮಿರಿಯಂ ಲಿಬಿಕಿ ಎಂಬ ಚಿತ್ರಕಾರ್ತಿ ತಮ್ಮ ಸೇನಾ ದಿನಗಳ ಕಥೆಯನ್ನು ಗ್ರಾಫಿಕ್ ಕಾದಂಬರಿಯಾಗಿ, ಅಂದರೆ ಚಿತ್ರಗಳ ಚೌಕಗಳಲ್ಲಿ ಸಾಗುವ ಪುಸ್ತಕವಾಗಿ, ಬರೆದಾಗ ಈ ಪದವನ್ನೇ ಹೆಸರಾಗಿಟ್ಟರು, ಜತೆಗೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ: 'ಜಾಬ್‌ನಿಕ್!' ಮೊದಲು ಸಣ್ಣ ಸಣ್ಣ ಸಂಚಿಕೆಗಳಾಗಿ ತಾವೇ ಅಚ್ಚು ಹಾಕಿಸಿ ಮಾರಿದರು. 2008ರಲ್ಲಿ ಅವೆಲ್ಲ ಸೇರಿ ಪುಸ್ತಕವಾಯಿತು. ನಾನು ಇವತ್ತು ಮಾತಾಡುವುದು ಆ ಪುಸ್ತಕದ ಬಗ್ಗೆ.

ಮೊದಲೇ ಒಂದು ಮಾತು. ಬರೆದವರನ್ನು 'ಅವರು' ಎನ್ನುತ್ತೇನೆ, ಪುಟದ ಒಳಗಿರುವ ಹುಡುಗಿಯನ್ನು 'ಅವಳು' ಎನ್ನುತ್ತೇನೆ. ಹೆಸರು ಇಬ್ಬರದೂ ಮಿರಿಯಂ, ಜೀವ ಒಂದೇ. ಆದರೆ ಆತ್ಮಕಥೆಯನ್ನು ಚಿತ್ರದಲ್ಲಿ ಬರೆಯುವವರು ತಮ್ಮನ್ನು ತಾವೇ ಹೊರಗಿನಿಂದ ನೋಡಿ ಬಿಡಿಸಬೇಕಾಗುತ್ತದೆ. ಗದ್ಯದಲ್ಲಿ 'ನಾನು' ಎಂದು ಬರೆದರೆ ಮುಗಿಯಿತು, ಮೂಗು ಹೇಗಿದೆ ಎಂದು ಹೇಳಬೇಕಿಲ್ಲ. ಇಲ್ಲಿ ಪ್ರತಿ ಚೌಕದಲ್ಲೂ ಆ ಮೂಗನ್ನು ಮತ್ತೆ ಬಿಡಿಸಬೇಕು, ಅಳುವಾಗ ಮುಖ ಹೇಗೆ ಸೊಟ್ಟಗಾಗಿತ್ತು ಅನ್ನುವುದನ್ನೂ ಬಿಡಿಸಬೇಕು. ಅಷ್ಟು ಹೊತ್ತಿಗೆ 'ನಾನು' ಎಂಬುದು 'ಅವಳು' ಆಗಿಬಿಟ್ಟಿರುತ್ತದೆ. ಕನ್ನಡದಲ್ಲಿ 'ಅವರು', 'ಅವಳು' ಎರಡೂ ಇರುವುದರಿಂದ ಇದನ್ನು ಹೇಳುವುದು ನನಗೆ ಸಲೀಸಾಯಿತು.

ಲಿಬಿಕಿ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಊರಿನವರು, ಧಾರ್ಮಿಕ ಶ್ರದ್ಧೆಯ ಯಹೂದಿ ಮನೆಯಲ್ಲಿ ಬೆಳೆದವರು. ಇಸ್ರೇಲಿನಲ್ಲಿ ಹೆಣ್ಣುಮಕ್ಕಳಿಗೂ ಸೇನಾಸೇವೆ ಕಡ್ಡಾಯ. 1949ರ ಕಾನೂನಿನಿಂದಲೇ ಹಾಗಿದೆ. ಆದರೆ ಧಾರ್ಮಿಕ ಜೀವನ ನಡೆಸುವವಳು ಎಂದು ಹೇಳಿಕೆ ಕೊಟ್ಟ ಹುಡುಗಿಗೆ ವಿನಾಯಿತಿ ಸಿಗುತ್ತದೆ. ಅಂಥವರಲ್ಲಿ ಅನೇಕರು ಅದರ ಬದಲು ಆಸ್ಪತ್ರೆ, ಶಾಲೆಗಳಲ್ಲಿ ರಾಷ್ಟ್ರೀಯ ಸೇವೆ ಮಾಡುತ್ತಾರೆ. ಅಂದರೆ ಅಂಥ ಮನೆಯಿಂದ ಬಂದ ಹುಡುಗಿಗೆ ಸೇನೆಯಿಂದ ದೂರ ಉಳಿಯಲು ದಾರಿಯಿತ್ತು, ಹಾಗೆ ಮಾಡಿದ್ದರೆ ಯಾರೂ ಕೊಂಕು ಆಡುತ್ತಿರಲಿಲ್ಲ. ಅವಳು ಸಮುದ್ರ ದಾಟಿ ಬಂದು, ಸರಾಗವಾಗಿ ಆಡಲು ಬಾರದ ಭಾಷೆಯಲ್ಲಿ ಸಮವಸ್ತ್ರ ತೊಟ್ಟಳು.

ಸೇನೆ ಅವಳನ್ನು ನೆಗೆವ್ ಮರುಭೂಮಿಯ ಒಂದು ನೆಲೆಗೆ ಕಳಿಸಿತು. ಅಲ್ಲಿನ ದವಾಖಾನೆಯಲ್ಲಿ ಕಾರ್ಯದರ್ಶಿ ಕೆಲಸ. ಚೀಟಿ ಬರೆಯುವುದು, ಫೈಲು ಹುಡುಕುವುದು, ಫೋನು ಎತ್ತುವುದು.

ಈ ದವಾಖಾನೆಯ ಮೇಜನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಸ್ರೇಲಿ ಸೇನೆ ಸೇರುವ ಪ್ರತಿಯೊಬ್ಬರಿಗೂ ವೈದ್ಯಕೀಯ ತಪಾಸಣೆಯ ನಂತರ ಒಂದು ಅಂಕೆ ಕೊಡುತ್ತಾರೆ. ಅದಕ್ಕೆ 'ಪ್ರೊಫೈಲ್' ಎನ್ನುತ್ತಾರೆ. ಅತಿ ಹೆಚ್ಚೆಂದರೆ 97. 21 ಬಂದರೆ ಸೇವೆಯಿಂದಲೇ ಬಿಡುಗಡೆ. 18ನೇ ವಯಸ್ಸಿಗೆ ಮೈಮೇಲೆ ಹಚ್ಚೆ ಹಾಕಿದ ಹಾಗೆ ಆ ಅಂಕೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಕಾದಾಡುವ ತುಕಡಿಗೆ ಹೋಗುತ್ತೀಯೋ ಮೇಜಿನ ಹಿಂದೆ ಕೂರುತ್ತೀಯೋ ಎನ್ನುವುದು ಬಹಳ ಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಸೇವೆಯ ಉದ್ದಕ್ಕೂ ಸಿಪಾಯಿಗಳು ದವಾಖಾನೆಯ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಕೆಲವರಿಗೆ ನಿಜವಾಗಿ ಜ್ವರ. ಕೆಲವರಿಗೆ ಬೇಕಾದದ್ದು 'ಗಿಮೆಲ್'. ಗಿಮೆಲ್ ಹೀಬ್ರೂ ಅಕ್ಷರಮಾಲೆಯ ಮೂರನೆಯ ಅಕ್ಷರ, ಸೇನೆಯ ಮಾತಿನಲ್ಲಿ ಕಾಯಿಲೆ ರಜೆ. ಇನ್ನು ಕೆಲವರಿಗೆ 'ಪ್ತೋರ್', ಅಂದರೆ ವಿನಾಯಿತಿ ಚೀಟಿ: ಗಡ್ಡ ಬೋಳಿಸುವುದರಿಂದ ಒಂದು, ಬೂಟು ತೊಡುವುದರಿಂದ ಒಂದು. ವೈದ್ಯರ ಕೋಣೆಗೆ ಹೋಗುವ ಮುಂಚೆ ಎದುರಾಗುವುದು ಕಾರ್ಯದರ್ಶಿಯ ಮೇಜು. 19–20 ವರ್ಷದ ಹುಡುಗರು ತಮ್ಮ ಬಂದೂಕನ್ನು ಹೆಗಲಿಗೆ ನೇತು ಹಾಕಿಕೊಂಡೇ ಬಂದು, ಇನ್ನೊಬ್ಬ 19–20 ವರ್ಷದ ಹುಡುಗಿಯ ಎದುರು ನಿಂತು, ಹೊಟ್ಟೆನೋವು ಅಂತಲೋ ಬೆನ್ನುನೋವು ಅಂತಲೋ ಹೇಳಿಕೊಳ್ಳುವ ಜಾಗ ಅದು. ಯುದ್ಧಕ್ಕೆ ಹೊರಟ ದೇಶದ ಭಯವೆಲ್ಲ ಕಾಯಿಲೆಯ ಹೆಸರು ಹೊತ್ತು ಬರುವ ಜಾಗ.

ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು, ಆ ಹುಡುಗಿ ಬಂದೂಕು ಹಿಡಿದೇ ಇಲ್ಲವೇ ಎಂದು. ಅಲ್ಲಿ ಆರಂಭದ ತರಬೇತಿಯಲ್ಲಿ ಎಲ್ಲರೂ ಗುಂಡು ಹಾರಿಸಲು ಕಲಿಯುತ್ತಾರೆ. ಮೇಜಿನ ಕೆಲಸದವರಿಗೆ ಆ ತರಬೇತಿ ಕೆಲವೇ ವಾರ. ಅದಾದ ಮೇಲೆ ಪೆನ್ನು.

ಈಗ ಕಾಲದ ವಿಷಯಕ್ಕೆ ಬರುತ್ತೇನೆ, ಪುಸ್ತಕದ ಜೀವಾಳ ಇರುವುದು ಅಲ್ಲಿ. 2000ದ ಸೆಪ್ಟೆಂಬರ್ 28ರಂದು, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಏರಿಯಲ್ ಶರೋನ್ ಜೆರುಸಲೇಮಿನ ಅಲ್-ಅಕ್ಸಾ ಆವರಣಕ್ಕೆ ದೊಡ್ಡ ಪೊಲೀಸ್ ಬೆಂಗಾವಲಿನೊಂದಿಗೆ ಹೋದರು. ಮುಸ್ಲಿಮರಿಗೆ ಅದು ಹರಾಮ್ ಅಲ್-ಶರೀಫ್, ಯಹೂದಿಗಳಿಗೆ ದೇವಾಲಯವಿದ್ದ ಗುಡ್ಡ. ಮರುದಿನದಿಂದ ಕಲ್ಲು, ಗುಂಡು, ಸಾವು. ಸೆಪ್ಟೆಂಬರ್ 30ರಂದು ಗಾಜಾದ ನೆಟ್ಸಾರಿಂ ಕೂಡುರಸ್ತೆಯಲ್ಲಿ ಗುಂಡಿನ ಸುರಿಮಳೆಯ ನಡುವೆ ಅಪ್ಪನಿಗೆ ಆತುಕೊಂಡು ಕೂತ ಮುಹಮ್ಮದ್ ಅಲ್-ದುರಾ ಎಂಬ ಹುಡುಗನನ್ನು ಜಗತ್ತೆಲ್ಲ ಟಿ.ವಿ.ಯಲ್ಲಿ ನೋಡಿತು. ಅಕ್ಟೋಬರ್ 12ರಂದು ರಾಮಲ್ಲಾದ ಪೊಲೀಸ್ ಠಾಣೆಯಲ್ಲಿ ಇಬ್ಬರು ಇಸ್ರೇಲಿ ಮೀಸಲು ಸಿಪಾಯಿಗಳನ್ನು ಗುಂಪು ಹೊಡೆದು ಕೊಂದಿತು. ಇದು ಎರಡನೆಯ ಇಂತಿಫಾದಾ, ಅಂದರೆ ಇಸ್ರೇಲಿನ ವಿರುದ್ಧ ಪ್ಯಾಲೆಸ್ಟೀನಿಯರ ಎರಡನೆಯ ಬಂಡಾಯ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಸುಮಾರು 3,000 ಪ್ಯಾಲೆಸ್ಟೀನಿಯರು, ಸುಮಾರು 1,000 ಇಸ್ರೇಲಿಗಳು ಸತ್ತರು.

ಇದೆಲ್ಲ ನಡೆಯುವಾಗ ಮಿರಿಯಂ ಮರುಭೂಮಿಯ ಮೇಜಿನ ಹಿಂದೆ ಕೂತು, ತನ್ನನ್ನು ಸರಿಯಾಗಿ ಲೆಕ್ಕಕ್ಕೇ ಇಟ್ಟುಕೊಳ್ಳದ ಹುಡುಗನೊಬ್ಬ ಇವತ್ತು ಮಾತಾಡಿಸುತ್ತಾನೋ ಇಲ್ಲವೋ ಎಂದು ಚಡಪಡಿಸುತ್ತಿರುತ್ತಾಳೆ.

ಪುಸ್ತಕ ಇರುವುದೇ ಹೀಗೆ. ರೇಡಿಯೊದ ಸುದ್ದಿ ಚೌಕಗಳ ನಡುವೆ ಬಂದುಹೋಗುತ್ತದೆ: ಎಲ್ಲಿ ಸ್ಫೋಟ, ಎಷ್ಟು ಸಾವು, ಯಾವ ರಸ್ತೆ ಬಂದ್. ಅದರ ಪಕ್ಕದಲ್ಲೇ ಹಾಸ್ಟೆಲಿನಂಥ ಕೋಣೆಯ ಜಗಳ, ಅರ್ಥವಾಗದ ಹೀಬ್ರೂ ತಮಾಷೆ, ಒಬ್ಬನಾದ ಮೇಲೆ ಒಬ್ಬ ಹುಡುಗನ ಮೇಲೆ ಹುಟ್ಟುವ ಆಸೆ, ಅವಮಾನ, ಅಳು. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಹೊರಗೆ ಜನ ಸಾಯುತ್ತಿರುವಾಗ ಇವಳದೇನು ಗೋಳು ಎಂದು ಪುಸ್ತಕ ಮುಚ್ಚಿಟ್ಟೆ. ಎರಡು ದಿನ ಬಿಟ್ಟು ಮತ್ತೆ ತೆಗೆದಾಗ ಆ ಸಿಟ್ಟಿಗೆ ಕಾರಣ ಏನೆಂದು ಹೊಳೆಯಿತು. ಅವಳು ಮಾಡುತ್ತಿರುವುದನ್ನೇ ನಾನೂ ದಿನಾ ಮಾಡುತ್ತೇನೆ. ಬೆಳಗಿನ ವಾರ್ತೆಯಲ್ಲಿ ಎಲ್ಲೋ ನೂರು ಜನ ಸತ್ತ ಸುದ್ದಿ ಕೇಳುತ್ತ ಒಗ್ಗರಣೆ ಸೀದುಹೋಯಿತೆಂದು ಪೇಚಾಡುತ್ತೇನೆ. ಇತಿಹಾಸದ ದೊಡ್ಡ ದಿನಗಳಲ್ಲಿ ತಾನು ಏನು ಯೋಚಿಸುತ್ತಿದ್ದೆ ಎಂಬುದನ್ನು ತಿದ್ದದೆ, ದೊಡ್ಡದು ಮಾಡದೆ ಬರೆದಿಡುವುದಕ್ಕೆ ಧೈರ್ಯ ಬೇಕು. ಎಷ್ಟೋ ಯುದ್ಧದ ಆತ್ಮಕಥೆಗಳಲ್ಲಿ ಬರೆಯುವವರು ಆ ಹೊತ್ತಿಗೇ ವಿವೇಕಿಗಳಾಗಿದ್ದ ಹಾಗೆ ಕಾಣಿಸಿಕೊಳ್ಳುತ್ತಾರೆ. ಲಿಬಿಕಿ ಆ 20ರ ಆಸುಪಾಸಿನ ಹುಡುಗಿಗೆ ತಮ್ಮ ಮುಂದಿನ ವರ್ಷಗಳ ವಿವೇಕವನ್ನು ಸಾಲ ಕೊಡಲಿಲ್ಲ.

ಪೆನ್ಸಿಲಿನ ಬಗ್ಗೆ ಹೇಳಲೇಬೇಕು. ಸಾಮಾನ್ಯವಾಗಿ ಕಾಮಿಕ್ಸ್ ಬಿಡಿಸುವವರು ಮೊದಲು ಪೆನ್ಸಿಲಿನಲ್ಲಿ ಗೀಚಿಕೊಂಡು ಆಮೇಲೆ ಶಾಯಿಯಿಂದ ಗೆರೆ ಗಟ್ಟಿ ಮಾಡುತ್ತಾರೆ, ಪೆನ್ಸಿಲ್ ಗುರುತನ್ನು ಅಳಿಸಿಬಿಡುತ್ತಾರೆ. ಅಚ್ಚಿನಲ್ಲಿ ಶಾಯಿ ಚೆನ್ನಾಗಿ ಬೀಳುತ್ತದೆ ಎಂಬುದು ಅದಕ್ಕೆ ಕಾರಣ. ಈ ಪುಸ್ತಕ ಪೆನ್ಸಿಲಿನಲ್ಲೇ ನಿಂತಿದೆ. ಪುಟವಿಡೀ ಬೂದು. ಕೆನ್ನೆಯ ನೆರಳು, ಸಮವಸ್ತ್ರದ ಮಡಿಕೆ, ರಾತ್ರಿಯ ಕೋಣೆ, ಎಲ್ಲವೂ ಬೆರಳಿನಿಂದ ಸವರಿದರೆ ಕಲೆಯಾಗುತ್ತದೆ ಅನ್ನುವಷ್ಟು ಮೆತ್ತಗೆ. ಶಾಯಿಯ ಗೆರೆ ನೋಡಿದರೆ ಬರೆದವರಿಗೆ ಖಚಿತವಿದೆ ಅನ್ನಿಸುತ್ತದೆ. ಪೆನ್ಸಿಲಿನ ಗೆರೆ ಇನ್ನೂ ಯೋಚಿಸುತ್ತಿರುತ್ತದೆ. ಸೇನೆಯಂಥ, ಎಲ್ಲಕ್ಕೂ ಅಂಕೆ ಮತ್ತು ಮೊಹರು ಇರುವ ಲೋಕವನ್ನು ಹೀಗೆ ಅಳಿಸಬಹುದಾದ ಗೆರೆಯಲ್ಲಿ ನೋಡುವುದು ನನಗೆ ಹೊಸದಾಗಿತ್ತು. ಸೈನಿಕರ ಚಿತ್ರ ಎಂದರೆ ನಮ್ಮ ಕಣ್ಣಿಗೆ ಅಭ್ಯಾಸವಾಗಿರುವುದು ಗಟ್ಟಿ ಗೆರೆ, ಚಾಚಿದ ಗದ್ದ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಕಟ್ಟಿ ಬೆಳೆಸಿದ ಅಮರ ಚಿತ್ರಕಥೆಗಳನ್ನು ಓದಿ ದೊಡ್ಡವರಾದ ನಾವು, ಶೂರರ ತೋಳು ಹೇಗಿರುತ್ತದೆ ಎಂಬುದನ್ನು ಅಲ್ಲೇ ಕಲಿತವರು. ಹೆಗಲು ಕುಗ್ಗಿಸಿ ಮೇಜಿನ ಮುಂದೆ ಕೂತ ಸಿಪಾಯಿಯನ್ನು ನಾವು ಚಿತ್ರದಲ್ಲಿ ಕಂಡೇ ಇರಲಿಲ್ಲ.

ಹೆಣ್ಣಿನ ಪ್ರಶ್ನೆಗೆ ಬರೋಣ. ಇಸ್ರೇಲಿನ ಸೇನೆಯಲ್ಲಿ ಹೆಂಗಸರಿಗೆ ಮೊದಲಿನಿಂದ ಬೇರೆ ದಳವೇ ಇತ್ತು. ಅದರ ಹೆಸರಿನ ಸಂಕ್ಷಿಪ್ತ ರೂಪ 'ಹೆನ್'. ಆ ಪದಕ್ಕೆ ಹೀಬ್ರೂವಿನಲ್ಲಿ ಲಾವಣ್ಯ, ಸೊಬಗು ಎಂಬ ಅರ್ಥವೂ ಇದೆ. ಕನ್ನಡದ ಕಿವಿಗೆ 'ಹೆಣ್' ಎಂದೇ ಕೇಳುತ್ತದೆ; ಎರಡಕ್ಕೂ ಸಂಬಂಧವಿಲ್ಲ, ಆದರೂ ನಾನು ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ಗಂಡಸರು ಗಡಿಗೆ ಹೋಗಲು ಬಿಡುವಾಗಲಿ ಎಂದು ಹೆಂಗಸರು ಕಚೇರಿ ನೋಡಿಕೊಳ್ಳುವುದು, ಬಹುಕಾಲ ನಡೆದುಬಂದ ಏರ್ಪಾಡು ಇದೇ. ಹೊರಗಿನವರ ಕಣ್ಣಿಗೆ ಮಾತ್ರ ಹೆಗಲಿಗೆ ಬಂದೂಕು ಹಾಕಿದ ಹುಡುಗಿಯ ಫೋಟೊ, ಸಮಾನತೆಯ ಸಾಕ್ಷಿ.

ಆ ಏರ್ಪಾಡಿನಲ್ಲಿ ಬಿರುಕು ಬಿಟ್ಟದ್ದು ಆಲಿಸ್ ಮಿಲ್ಲರ್ ಎಂಬ ಯುವತಿಯಿಂದ. ವಿಮಾನ ಹಾರಿಸುವ ಪರವಾನಗಿ ಇದ್ದರೂ ವಾಯುಪಡೆ ಆಕೆಯನ್ನು ಪೈಲಟ್ ಪರೀಕ್ಷೆಗೇ ಕೂಡಿಸಲಿಲ್ಲ. ದೇಶದ ಅಧ್ಯಕ್ಷರಾಗಿದ್ದ, ಸ್ವತಃ ಹಳೆಯ ಪೈಲಟ್ಟಾದ ಏಜೆರ್ ವೈಜ್‌ಮನ್ ಆಕೆಗೆ, ಗಂಡಸು ಕಾಲುಚೀಲ ಹೆಣೆಯುವುದನ್ನು ಎಲ್ಲಾದರೂ ಕಂಡಿದ್ದೀಯಾ ಎಂಬ ಅರ್ಥದ ಮಾತು ಹೇಳಿದ್ದರು. ಆಕೆ ಕೋರ್ಟಿಗೆ ಹೋದರು. 1995ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಪರ ತೀರ್ಪು ಕೊಟ್ಟಿತು. 2000ದಲ್ಲಿ ಕಾನೂನು ತಿದ್ದುಪಡಿಯಾಗಿ ಸೇನೆಯ ಯಾವ ಕೆಲಸಕ್ಕೂ ಹೆಣ್ಣಿಗೆ ಗಂಡಿನಷ್ಟೇ ಹಕ್ಕು ಎಂದಾಯಿತು. 2001ರಲ್ಲಿ ಮಹಿಳಾ ದಳವನ್ನೇ ಮುಚ್ಚಿದರು. ಅದೇ ವರ್ಷ ರೋನಿ ಜುಕರ್‌ಮನ್ ಯುದ್ಧವಿಮಾನದ ಪೈಲಟ್ ಆಗಿ ತೇರ್ಗಡೆಯಾದರು.

ಈ ಇಸವಿಗಳನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮಿರಿಯಂ ದವಾಖಾನೆಯ ಮೇಜಿನ ಹಿಂದೆ ಕೂತದ್ದೂ ಇದೇ ಹೊತ್ತಿನಲ್ಲಿ. ಪತ್ರಿಕೆಯಲ್ಲಿ ಯುದ್ಧವಿಮಾನದ ಹೆಣ್ಣು ಪೈಲಟ್ಟಿನ ಸುದ್ದಿ, ನೆಲೆಯಲ್ಲಿ ಎಂದಿನಂತೆ ಕಾರ್ಯದರ್ಶಿ ಹುಡುಗಿಯರು. ಹುಡುಗರು ಅವರನ್ನು ನೋಡುವ ರೀತಿ, ಅವರ ಬಗ್ಗೆ ಆಡುವ ಮಾತು, ಮೆಚ್ಚುಗೆಗಾಗಿ ಹಸಿದ ಹುಡುಗಿ ಆ ಮಾತಿಗೆ ಮರುಳಾಗಿ ತನ್ನನ್ನೇ ಅಗ್ಗ ಮಾಡಿಕೊಳ್ಳುವುದು, ಇವೆಲ್ಲ ಪುಸ್ತಕದಲ್ಲಿ ಮುಜುಗರವಾಗುವಷ್ಟು ಬಿಚ್ಚಿಕೊಂಡು ಬಂದಿವೆ. ಧಾರ್ಮಿಕ ಮನೆಯ ಹುಡುಗಿಗೆ ಇದು ಎರಡು ಪಟ್ಟು ಭಾರ. ಲಿಬಿಕಿ ಇದನ್ನು ದೂರಿನ ಹಾಗೆ ಬರೆದಿಲ್ಲ. ತನ್ನ ಪಾಲಿನ ದಡ್ಡತನವನ್ನು ತನ್ನ ಲೆಕ್ಕಕ್ಕೇ ಹಾಕಿಕೊಂಡಿದ್ದಾರೆ. ನನಗೆ ಅನ್ನಿಸುವ ಪ್ರಕಾರ, ಕೆಲವು ಕಡೆ ಅಗತ್ಯಕ್ಕಿಂತ ಹೆಚ್ಚೇ ಹಾಕಿಕೊಂಡಿದ್ದಾರೆ. ಆ ಹುಡುಗರಲ್ಲಿ ಕೆಲವರಿಗೆ ಪುಸ್ತಕ ತೋರಿಸಿದಷ್ಟು ಕರುಣೆಯನ್ನು ನಾನು ತೋರಿಸಲಾರೆ.

ಇನ್ನೊಂದು ಕೊರತೆಯೂ ಇದೆ. ಪ್ಯಾಲೆಸ್ಟೀನಿಯರು ಇಲ್ಲಿ ಬಹುಮಟ್ಟಿಗೆ ರೇಡಿಯೊದ ದನಿಯಲ್ಲಿ ಬರುತ್ತಾರೆ, ಸಂಖ್ಯೆಯಾಗಿ, ಊರಿನ ಹೆಸರಾಗಿ. ಮುಖವಾಗಿ ಬರುವುದು ತೀರಾ ಕಡಿಮೆ. ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಇದನ್ನೇ ಕೇಳಿದಳು: "ಮೇಡಂ, ಸತ್ತವರ ಕಡೆಯ ಕಥೆ ಎಲ್ಲಿ?" ನ್ಯಾಯವಾದ ಪ್ರಶ್ನೆ. ಆ ನೆಲೆಯ ಬೇಲಿಯೊಳಗಿದ್ದ ಹುಡುಗಿಗೆ ಅವರು ಹಾಗೆಯೇ ತಲುಪುತ್ತಿದ್ದರು. ಕಾಣದ್ದನ್ನು ಕಂಡ ಹಾಗೆ ಬರೆಯದೆ ಇರುವುದು ಪ್ರಾಮಾಣಿಕತೆ ಎಂದು ನಾನು ಒಪ್ಪುತ್ತೇನೆ. ಆದರೆ ಒಂದು ಸೇನೆಯ ಒಳಗಿದ್ದು ಆ ಸೇನೆ ಎದುರಿಸುವ ಜನರ ಮುಖವನ್ನೇ ನೋಡದೆ ಸೇವೆ ಮುಗಿಸಬಹುದು ಅನ್ನುವುದೇ ಈ ಪುಸ್ತಕದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ. ಓದುಗರು ಇದನ್ನು ಓದಿದ ಮೇಲೆ ಗಾಜಾದ, ವೆಸ್ಟ್ ಬ್ಯಾಂಕಿನ ಬರಹಗಾರರನ್ನೂ ಹುಡುಕಿ ಓದಬೇಕು. ಇದೊಂದೇ ಓದಿ ಸುಮ್ಮನಿರುವುದು ಸಲ್ಲ.

ನಮ್ಮ ಮನೆಯ ಒಂದು ಮಾತು ಹೇಳಿಬಿಡುತ್ತೇನೆ, ಈ ಪುಸ್ತಕ ನನಗೆ ಯಾಕೆ ಅಂಟಿಕೊಂಡಿತು ಅನ್ನುವುದು ಅದರಿಂದ ತಿಳಿಯುತ್ತದೆ. ನನ್ನ ಅಪ್ಪ ಸೇನೆಯಲ್ಲಿ ಕ್ಲರ್ಕ್ ಆಗಿದ್ದ. ಬೆಳಗಾವಿ ಕಡೆಯ ನಮ್ಮ ಹಳ್ಳಿಯಲ್ಲಿ ಮನೆಗೊಬ್ಬ ಮಿಲ್ಟ್ರಿಯವನು. ಸಂಜೆ ಕಟ್ಟೆಯ ಮೇಲೆ ಕೂತಾಗ ಹುಡುಗರು ಸುತ್ತುಗಟ್ಟಿ ಕೇಳುತ್ತಿದ್ದರು, "ಮಾವಾ, ಎಪ್ಪತ್ತೊಂದರ ಲಡಾಯಿದಾಗ ಎಷ್ಟ ಮಂದೀನ ಹೊಡದಿ?" ಅಪ್ಪ ತಂಬಾಕಿನ ಚಂಚಿ ಬಿಚ್ಚಿ ಸುಣ್ಣದ ಡಬ್ಬಿ ಹುಡುಕುತ್ತಿದ್ದ. ಹುಡುಕುವಷ್ಟರಲ್ಲಿ ಪಕ್ಕದವನು ತನ್ನ ಕಥೆ ಶುರು ಮಾಡಿರುತ್ತಿದ್ದ. ಆ ಯುದ್ಧದ ಚಳಿಗಾಲ ಪೂರ್ತಿ ಅಪ್ಪ ಮಾಡಿದ್ದು ರೇಷನ್ನಿನ ಲೆಕ್ಕ: ಎಷ್ಟು ಜನಕ್ಕೆ ಎಷ್ಟು ಹಿಟ್ಟು, ಎಷ್ಟು ಬೇಳೆ, ಎಷ್ಟು ಸೀಮೆಎಣ್ಣೆ. ಪಟ್ಟಿ ಮೂರು ಪ್ರತಿ, ನಡುವೆ ಕಾರ್ಬನ್ ಕಾಗದ. ಒಂದೊಂದು ದಿನ ಪಟ್ಟಿಯಲ್ಲಿ ತಲೆಗಳ ಸಂಖ್ಯೆ ಕಡಿಮೆಯಾಗಿ ಬರುತ್ತಿತ್ತಂತೆ. ಯಾರು ಕಡಿಮೆಯಾದರು ಅಂತ ಯಾರೂ ಹೇಳುತ್ತಿರಲಿಲ್ಲ, ಹಿಟ್ಟಿನ ಲೆಕ್ಕ ಮಾತ್ರ ಬದಲಾಗುತ್ತಿತ್ತು. ಇದನ್ನು ಅಪ್ಪ ನನಗೆ ಹೇಳಿದ್ದು ಒಂದೇ ಸಲ, ಅದೂ ಕಾಯಿಲೆ ಬಿದ್ದ ಮೇಲೆ. ಹೇಳಿ, "ಇದೇನ್ ಹೇಳೂ ಮಾತಲ್ಲ ಬಿಡವಾ" ಅಂದ.

ಮಿರಿಯಂ ಸೇವೆ ಮಾಡಿದ ಇಸ್ರೇಲಿನ ನೆಲಕ್ಕೂ ನಮಗೂ ಒಂದು ಹಳೆಯ ಸೇನಾ ನಂಟಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಒಟ್ಟೊಮನ್ನರಿಂದ ಗೆದ್ದವರಲ್ಲಿ ಜೋಧಪುರ ಲ್ಯಾನ್ಸರ್ಸ್ ಜತೆ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಕುದುರೆ, ಈಟಿ, ಆ ಧಾವಂತ ನಮಗೆ ಗೊತ್ತು. ಆ ಕುದುರೆಗಳ ಜತೆ ಸಮುದ್ರ ದಾಟಿ ಹೋಗಿ ಹುಲ್ಲು ನೀರು ನೋಡಿಕೊಂಡವರು, ಗಾಯಕ್ಕೆ ಬಟ್ಟೆ ಕಟ್ಟಿದವರು, ಚೀಟಿ ಬರೆದವರು ಏನು ಕಂಡರು ಅನ್ನುವ ಒಂದು ಪುಟವನ್ನೂ ನಾನು ಓದಿಲ್ಲ. ಓದಬೇಕೆಂಬ ಆಸೆ ತುಂಬಾ ಇದೆ. 2021ರ ಮೇನಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 83 ಹೆಣ್ಣುಮಕ್ಕಳು ಸಿಪಾಯಿಗಳಾಗಿ ತರಬೇತಿ ಮುಗಿಸಿ ಹೊರಬಂದರು. ಅಧಿಕಾರಿಗಳಾಗಿ ಹೆಂಗಸರು ಮೊದಲೇ ಇದ್ದರು. ಸಿಪಾಯಿ ದರ್ಜೆಯಲ್ಲಿ ಇವರದೇ ಮೊದಲ ತಂಡ. ಆ 83 ಜನರಲ್ಲಿ ಯಾರಾದರೂ ದಿನಚರಿ ಬರೆಯುತ್ತಿದ್ದರೆ, ಪಥಸಂಚಲನದ ದಿನದ ಜತೆಗೆ ಹೊಸ ಬೂಟು ಕಚ್ಚಿದ ದಿನವನ್ನೂ ಬರೆದಿಡಲಿ ಎಂದು ನನ್ನ ಮನಸ್ಸು ಕೇಳುತ್ತದೆ.

2023ರ ಅಕ್ಟೋಬರ್ 7ರ ನಂತರ ಈ ಪುಸ್ತಕವನ್ನು ನಾನು ಮತ್ತೆ ಓದಿದೆ. ಗಾಜಾದ ಗಡಿಗೆ ಅಂಟಿಕೊಂಡ ನಹಾಲ್ ಓಜ್ ನೆಲೆಯಲ್ಲಿ ಕ್ಯಾಮೆರಾದ ಪರದೆಯ ಮುಂದೆ ಕೂತು ಬೇಲಿಯನ್ನು ಕಾಯುವ ಹುಡುಗಿಯರಿದ್ದರು. 'ತತ್ಸ್‌ಪಿತಾನಿಯೋತ್', ನೋಡುವವರು ಎಂದು ಅರ್ಥ. ಕಾದಾಡುವ ಹುದ್ದೆಯಲ್ಲ. ಗಂಟೆಗಟ್ಟಲೆ ಕಣ್ಣು ಮಿಟುಕಿಸದೆ ನೋಡುವುದು, ಕಂಡದ್ದನ್ನು ವರದಿ ಮಾಡುವುದು. ಬೇಲಿಯಾಚೆ ತಾಲೀಮು ನಡೆದಿದೆ, ಓಡಾಟ ಬದಲಾಗಿದೆ ಎಂದು ಅವರು ತಿಂಗಳುಗಳಿಂದ ಮೇಲಿನವರಿಗೆ ತಿಳಿಸುತ್ತಿದ್ದರು. ಆ ಮಾತಿಗೆ ಬೆಲೆ ಸಿಗಲಿಲ್ಲ. ಆ ಅಕ್ಟೋಬರ್ 7ರ ಬೆಳಗ್ಗೆ ಗಾಜಾದ ಸಶಸ್ತ್ರ ಸಂಘಟನೆ ಹಮಾಸ್ ನುಗ್ಗಿದಾಗ ಅವರಲ್ಲಿ ಬಹಳ ಮಂದಿ ನಿರಾಯುಧರಾಗಿಯೇ ಸತ್ತರು, ಏಳು ಮಂದಿಯನ್ನು ಎಳೆದೊಯ್ದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ, ಅವರಲ್ಲಿ ಮಕ್ಕಳು ಎಷ್ಟೋ. ಕಾರ್ಯದರ್ಶಿ ಹುಡುಗಿ, ಪರದೆಯ ಹುಡುಗಿ ಅಂತ ಯಾರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲವೋ ಅವರು ಏನು ನೋಡಿರುತ್ತಾರೆ ಎಂದು ಯೋಚಿಸುತ್ತ ಆ ಬೂದು ಪುಟಗಳನ್ನು ತಿರುಗಿಸಿದೆ. 2008ರಲ್ಲಿ ಅಚ್ಚಾದ ಪುಸ್ತಕ ಈ ಪ್ರಶ್ನೆಗೆಂದು ಬರೆದದ್ದಲ್ಲ. ಆದರೂ ಮೇಜಿನ ಹಿಂದಿನ ಹುಡುಗಿಯ ಕಣ್ಣಿಗೆ ಕಂಡದ್ದನ್ನು ಬರೆದಿಡುವ ಕೆಲಸವನ್ನು ಅದು ಆಗಲೇ ಮಾಡಿತ್ತು.

ಲಿಬಿಕಿ ಈಗ ಕೆನಡಾದ ವ್ಯಾಂಕೂವರಿನಲ್ಲಿ ನೆಲೆಸಿದ್ದಾರೆ. ಕಲೆ ಓದಿದ್ದೂ ಅಲ್ಲೇ. ತಮ್ಮ ಕಥೆ ಬರೆದ ಮೇಲೆ ಅವರು ಬೇರೆಯವರ ಕಥೆ ಕೇಳಲು ಕೂತರು. ಅದೇ ಊರಿನಲ್ಲಿರುವ ಡೇವಿಡ್ ಶಾಫರ್ ರೊಮೇನಿಯಾದಲ್ಲಿ ಹುಟ್ಟಿದವರು, ಎರಡನೆಯ ಮಹಾಯುದ್ಧದಲ್ಲಿ ರೊಮೇನಿಯಾದ ಹಿಡಿತದಲ್ಲಿದ್ದ ಟ್ರಾನ್ಸ್‌ನಿಸ್ಟ್ರಿಯಾ ಪ್ರದೇಶಕ್ಕೆ ಬಾಲಕನಾಗಿ ಅಟ್ಟಲ್ಪಟ್ಟು, ಹೋಲೊಕಾಸ್ಟಿನಿಂದ, ಅಂದರೆ ನಾಜಿಗಳ ಕಾಲದ ಯಹೂದಿಗಳ ಸಾಮೂಹಿಕ ಹತ್ಯೆಯಿಂದ, ಬದುಕಿ ಉಳಿದವರು. ಅವರ ನೆನಪುಗಳನ್ನು ಕೇಳಿಸಿಕೊಂಡು, ತೋರಿಸಿ, ತಿದ್ದಿ, ಲಿಬಿಕಿ ಒಂದು ಚಿತ್ರಕಥೆ ಮಾಡಿದರು. ಅಂಥ ಮೂರು ಕಥೆಗಳ ಸಂಪುಟ 2022ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂತು. ನಾನು ಇವತ್ತು ಎರಡೂ ಪುಸ್ತಕ ತಂದಿದ್ದೇನೆ, ಆ ಮೂಲೆಯ ಮೇಜಿನ ಮೇಲಿವೆ. ಎರಡನ್ನೂ ಒಟ್ಟಿಗೆ ತೆರೆದಿಟ್ಟು ನೋಡಿ. ಒಂದರಲ್ಲಿ ಪೆನ್ಸಿಲಿನ ಬೂದು, ಇನ್ನೊಂದರಲ್ಲಿ ಬಣ್ಣ. ಪೆನ್ಸಿಲಿನ ಪುಟ ಮುಟ್ಟುವಾಗ ಕೈ ಒಣಗಿರಲಿ.